ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಒಂದು ಹಗಲು



ಪರೀಕ್ಷೆಗಳು ಮುಗಿದು ಶಾಲೆಗಳು ಬಾಗಿಲು ಹಾಕಿದ್ದ 2022ರ ಏಪ್ರಿಲ್ ತಿಂಗಳಿನಲ್ಲಿ ಮಕ್ಕಳಿರುವ ಮನೆಗಳಲ್ಲೆಲ್ಲ ಏಳುತ್ತಿದ್ದ ಪ್ರಶ್ನೆ ಒಂದೇ: ಈ ಸಲವಾದರೂ ಎಲ್ಲಿಗಾದರೂ ಹೋಗೋಣವೇ? 2020ರ ಬೇಸಗೆ ಕೋವಿಡ್ ಲಾಕ್‌ಡೌನಿನಲ್ಲಿ, ಬೀದಿಗೆ ಇಣುಕುವುದೂ ತಪ್ಪೆಂಬಂತೆ ಕಳೆದುಹೋಯಿತು. 2021ರದು ಅದಕ್ಕಿಂತ ದಾರುಣವಾದುದು. ಆಸ್ಪತ್ರೆಯ ಹಾಸಿಗೆಗೂ ಆಮ್ಲಜನಕಕ್ಕೂ ಬಂಧುಗಳು ಅಲೆದಾಡಿದ ಆ ದಿನಗಳಲ್ಲಿ ರಜೆಯೆಂಬ ಮಾತನ್ನೇ ಯಾರೂ ಎತ್ತಲಿಲ್ಲ. ಹೀಗೆ ಎರಡು ಬೇಸಗೆಗಳನ್ನು ನಾಲ್ಕು ಗೋಡೆಗಳ ನಡುವೆ, ಮೊಬೈಲಿನ ಪರದೆಯನ್ನು ನೋಡುತ್ತ ಕಳೆದ ಐದು ವರ್ಷದ ಮಗು ಆ ಹೊತ್ತಿಗೆ ಏಳಕ್ಕೆ ಬಂದಿತ್ತು. ಕೆರೆಯೇರಿಯ ಮೇಲೆ ಓಡುವುದಾಗಲಿ, ಅಪರಿಚಿತ ಊರಿನ ಬೀದಿಯಲ್ಲಿ ತಂದೆಯ ಬೆರಳು ಹಿಡಿದು ನಡೆಯುವುದಾಗಲಿ ಅದರ ನೆನಪಿನಲ್ಲಿಯೇ ಇರಲಿಲ್ಲ.

ಹೋಗಬಹುದು, ಹೋಗಲೂ ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ವರ್ಷಗಳ ಬಾಕಿಯನ್ನೆಲ್ಲ ಒಂದೇ ಪ್ರವಾಸದಲ್ಲಿ ತೀರಿಸಿಬಿಡುವ ಹಟ ತೊಟ್ಟು, ವಾರಾಂತ್ಯದ ನೂಕುನುಗ್ಗಲಿನಲ್ಲಿ ಊಟಿಗೋ ಮಡಿಕೇರಿಗೋ ಧಾವಿಸಿ, ಎರಡು ದಿನದಲ್ಲಿ ಹನ್ನೆರಡು ಸ್ಥಳಗಳನ್ನು ಮಕ್ಕಳಿಗೆ ತೋರಿಸಿದೆವೆಂದು ಸಮಾಧಾನಪಟ್ಟುಕೊಳ್ಳುವವರ ಗುಂಪಿಗೆ ತಾವು ಸೇರಬಾರದೆಂದು ನನ್ನ ಬಿನ್ನಹ. ಮುಂಜಾನೆ ಹೊರಟು ಹೊತ್ತು ಮುಳುಗುವುದರೊಳಗೆ ಹಿಂದಿರುಗುವಷ್ಟು ಸಮೀಪದ, ಬಯಲಿನಲ್ಲಿರುವ, ಒಂದೇ ಒಂದು ಸ್ಥಳವನ್ನು ಆರಿಸಿಕೊಂಡು, ಅಲ್ಲಿ ಮಕ್ಕಳು ತಾವಾಗಿ ಬೇಸರಪಟ್ಟು ‘ಇನ್ನು ಹೋಗೋಣ’ ಎನ್ನುವವರೆಗೂ ಕುಳಿತಿರುವುದು ಸೋಂಕಿನ ಕಾಲಕ್ಕೆ ಹೊಂದುವ ವಿಹಾರ. ಸೋಂಕಿನ ಭಯವಿಲ್ಲದ ಕಾಲದಲ್ಲಿಯೂ ಮಕ್ಕಳಿಗೆ ಹಿತವಾದ ವಿಹಾರ ಇದೇ ಆಗಿದ್ದಿತೆಂದು ನನಗೆ ತೋರುತ್ತದೆ.

ಕೋವಿಡ್ ರೋಗದ ಆಗಿನ ಸ್ಥಿತಿಯನ್ನು ಮೊದಲು ನೋಡೋಣ. 15ರಿಂದ 18 ವರ್ಷದವರೆಗಿನ ಮಕ್ಕಳಿಗೆ 2022ರ ಜನವರಿ 3ರಿಂದಲೂ, 12ರಿಂದ 14ರವರಿಗೆ ಅದೇ ವರ್ಷದ ಮಾರ್ಚ್ 16ರಿಂದಲೂ ಲಸಿಕೆ ದೊರೆಯತೊಡಗಿತು. 12ರೊಳಗಿನ ಮಕ್ಕಳಿಗೆ ಆಗ ಇನ್ನೂ ಇರಲಿಲ್ಲ. ಆದುದರಿಂದ ಚಿಕ್ಕ ಮಕ್ಕಳಿಗೆ ರಕ್ಷಣೆಯೆಂದರೆ ಸುತ್ತಲಿನ ದೊಡ್ಡವರು ಹಾಕಿಸಿಕೊಂಡ ಲಸಿಕೆ ಮತ್ತು ನಾವು ಆರಿಸಿಕೊಡುವ ಗಾಳಿ. ಈ ಸೋಂಕು ಮುಖ್ಯವಾಗಿ ಉಸಿರಿನಿಂದ, ಮಾತಿನಿಂದ, ಕೆಮ್ಮಿನಿಂದ ಹೊರಬಿದ್ದ ಸೂಕ್ಷ್ಮ ಕಣಗಳ ಮೂಲಕ ಹರಡತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಅವು ಹೊಗೆಯಂತೆ ಬಹಳ ಹೊತ್ತು ತೇಲುತ್ತಿರುತ್ತವೆ, ಬಯಲಿನಲ್ಲಿ ಬೇಗನೆ ಚದರಿಹೋಗುತ್ತವೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ನಮ್ಮ ಹಿರಿಯರು ಮನೆಗಳನ್ನು ತೊರೆದು ಊರಾಚೆಯ ಹೊಲಗಳಲ್ಲಿಯೂ ತೋಪುಗಳಲ್ಲಿಯೂ ಜೋಪಡಿ ಕಟ್ಟಿಕೊಂಡು ತಿಂಗಳುಗಟ್ಟಲೆ ಇದ್ದರು. ಅದು ಇಲಿಯ ಮೈಮೇಲಿನ ಚಿಗಟದಿಂದ ಬರುವ ರೋಗವಾದುದರಿಂದ ಅವರು ಓಡಿದುದು ಇಲಿ ಬಿದ್ದ ಮನೆಯಿಂದ, ನಾವು ದೂರವಿರಬೇಕಾದುದು ಉಸಿರು ಕಟ್ಟಿದ ಕೋಣೆಯಿಂದ. ಕಾರಣ ಬೇರೆಯಾದರೂ ಎರಡಕ್ಕೂ ಬಯಲೇ ಆಶ್ರಯವಾದುದು ವಿಚಿತ್ರವಲ್ಲವೇ?

ಈಗ ಸ್ಥಳಗಳ ವಿಚಾರ. ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಸುಮಾರು ಮೂವತ್ತೈದು ಕಿಲೋಮೀಟರ್ ದೂರದಲ್ಲಿರುವ ಸೋಮನಾಥಪುರವನ್ನು ನಾನು ಮೊದಲು ಹೇಳುವೆನು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೇಶವಾಲಯದ ಸುತ್ತ ವಿಶಾಲವಾದ ಅಂಗಳವೂ, ಅಂಗಳದ ಸುತ್ತ ನೆರಳು ಕೊಡುವ ಕೈಸಾಲೆಯೂ ಇವೆ. ನಮ್ಮವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಹೋದೊಡನೆಯೇ ಒಳಗಿನ ನವರಂಗಕ್ಕೆ ನುಗ್ಗಿ, ಆ ಕತ್ತಲೆಯಲ್ಲಿ ಮಾರ್ಗದರ್ಶಿಯನ್ನು ಸುತ್ತುವರಿದು ಭುವನೇಶ್ವರಿಗಳೆಂಬ ಕೆತ್ತನೆಯ ಚಾವಣಿಗಳನ್ನು ನೋಡುತ್ತ ನಿಲ್ಲುವುದು. ಅದನ್ನು ಬಿಡಿ. ಒಳಗೆ ಜನವಿಲ್ಲದ ಕ್ಷಣ ನೋಡಿ ಒಮ್ಮೆ ಇಣುಕಿ ಬನ್ನಿ, ಉಳಿದ ಹೊತ್ತನ್ನೆಲ್ಲ ಹೊರಗಿನ ಜಗತಿಯೆಂಬ ಕಲ್ಲುಕಟ್ಟೆಯ ಮೇಲೆ ಕಳೆಯಿರಿ. ಮಕ್ಕಳಿಗೆ ಬೇಕಾದುದೆಲ್ಲ ಹೊರಗೋಡೆಯ ಮೇಲೆ, ಅವರ ಎತ್ತರಕ್ಕೆ ಸರಿಯಾಗಿಯೇ ಇದೆ. ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಅದರ ಮೇಲೆ ಕಥೆಗಳು, ಕಥೆಗಳ ಮೇಲೆ ಮಕರ, ಹಂಸ. ಒಂದು ಆನೆಯಂತೆ ಇನ್ನೊಂದಿಲ್ಲವೆಂಬುದನ್ನು ಕಂಡುಹಿಡಿಯುವ ಕೆಲಸವನ್ನು ಅವರಿಗೇ ಒಪ್ಪಿಸಿ. ಪ್ರದಕ್ಷಿಣಾಕಾರವಾಗಿ ನಡೆದರೆ ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂಭಾಗದಲ್ಲಿ ಕೃಷ್ಣನ ಬಾಲಲೀಲೆ, ಉತ್ತರದಲ್ಲಿ ಮಹಾಭಾರತ. ಅಜ್ಜಿ ಜೊತೆಗಿದ್ದರಂತೂ ಮಾರ್ಗದರ್ಶಿಯ ಅಗತ್ಯವೇ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೊಂದು ಆಟವುಂಟು: ಮಲ್ಲಿತಮ್ಮನೆಂಬ ರೂವಾರಿಯು ತಾನು ಕಡೆದ ಅನೇಕ ವಿಗ್ರಹಗಳ ಪೀಠದ ಮೇಲೆ ತನ್ನ ಹೆಸರನ್ನು ಹಳೆಯ ಲಿಪಿಯಲ್ಲಿ ಕೆತ್ತಿದ್ದಾನೆ, ಒಂದನ್ನು ತಾವು ತೋರಿಸಿಕೊಟ್ಟರೆ ಉಳಿದವನ್ನು ಅವರು ಹುಡುಕಿಕೊಳ್ಳುತ್ತಾರೆ. ಜಗತಿಯ ಮೇಲೆ ಬರಿಗಾಲಿನಲ್ಲಿ ಓಡಾಡಬೇಕಾದುದರಿಂದ, ಏಪ್ರಿಲ್ಲಿನ ಬಿಸಿಲಿಗೆ ಕಲ್ಲು ಕಾಯುವ ಮೊದಲೇ ತಲಪಬೇಕು. ಮಕ್ಕಳಿಗೆ ದಪ್ಪನೆಯ ಕಾಲುಚೀಲಗಳನ್ನು ಚೀಲದಲ್ಲಿಟ್ಟುಕೊಂಡಿರುವುದು ಲೇಸು.

ಎರಡನೆಯದು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಈ ಹಳ್ಳಿಗೆ ಬೆಂಗಳೂರು-ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಬೇಕು. ಬೆಂಗಳೂರಿನವರಿಗೂ ಮೈಸೂರಿನವರಿಗೂ ಒಂದು ಹಗಲಿನ ದಾರಿಯೇ. ಊರ ನಡುವಿನ ಹುಣಿಸೆಮರಗಳ ಮೇಲೆ, ಮನೆಗಳ ಹೆಂಚಿಗೆ ತಾಗುವಂತೆ, ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟಿ ಮರಿಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವುಗಳನ್ನು ತಲೆತಲಾಂತರದಿಂದ ಭಾವಿಸಿದ್ದಾರೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿ ಬೆಳೆಸುತ್ತಾರೆ. 2007ರಲ್ಲಿ ಸರಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಏಪ್ರಿಲ್ ಮರಿಗಳು ಗೂಡಿನಲ್ಲಿರುವ ಕಾಲ. ಬಿಸಿಲೇರಿದ ಹೊತ್ತಿನಲ್ಲಿ ತಾಯಿಕೊಕ್ಕರೆಯು ಸೂರ್ಯನಿಗೆ ಬೆನ್ನು ಕೊಟ್ಟು, ಎರಡು ರೆಕ್ಕೆಗಳನ್ನೂ ಅರ್ಧ ಬಿಚ್ಚಿ, ಕದಲದೆ ನಿಲ್ಲುತ್ತದೆ. ಆ ರೆಕ್ಕೆಯ ನೆರಳಿನಲ್ಲಿ ಮರಿಗಳು ಬಾಯಿ ತೆರೆದುಕೊಂಡು ಕುಳಿತಿರುತ್ತವೆ. ನೆರಳು ಸರಿದಂತೆ ತಾಯಿಯೂ ಸರಿಯುವುದನ್ನು ಕಾಣಲು ಅರ್ಧ ಗಂಟೆಯಾದರೂ ಒಂದೇ ಕಡೆ ನಿಲ್ಲಬೇಕು. ಆದರೆ ಇದು ಉದ್ಯಾನವನವಲ್ಲ, ಜನರು ಬದುಕುವ ಹಳ್ಳಿ. ನಗರದಿಂದ ಹೋಗುವ ನಾವು ಅವರ ಜಗಲಿಯ ಮುಂದೆ ನಿಂತು ಮಾತನಾಡುವಾಗ ಮುಖಗವಸು ಧರಿಸಿರುವುದು ನಮ್ಮ ರಕ್ಷಣೆಗಿಂತ ಹೆಚ್ಚಾಗಿ ಅವರ ಮನೆಯ ವೃದ್ಧರ ರಕ್ಷಣೆಗಾಗಿ.

ಮುಖಗವಸಿನ ಮಾತು ಬಂದುದರಿಂದ ಇಲ್ಲಿಯೇ ಹೇಳಿಬಿಡುವೆನು. ಐದು ವರ್ಷದವರೆಗಿನ ಮಕ್ಕಳಿಗೆ ಅದು ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯದ ಆಗಿನ ಮಾರ್ಗಸೂಚಿಯೇ ಹೇಳಿತ್ತು. 6ರಿಂದ 11ರವರು ಸರಿಯಾಗಿ ಬಳಸಬಲ್ಲರಾದರೆ ಹಿರಿಯರ ಕಣ್ಣಳತೆಯಲ್ಲಿ ಧರಿಸಬಹುದು. 12 ದಾಟಿದವರು ನಮ್ಮಂತೆಯೇ. ಬಯಲಿನಲ್ಲಿ ಏದುಸಿರು ಬಿಡುತ್ತ ಓಡುತ್ತಿರುವ ಮಗುವಿನ ಹಿಂದೆ ಮುಖಗವಸು ಹಿಡಿದು ಓಡಬೇಡಿ. ಬಸ್ಸಿನಲ್ಲಿ, ಟಿಕೆಟ್ಟಿನ ಸಾಲಿನಲ್ಲಿ, ಶೌಚಾಲಯದಲ್ಲಿ ಅದು ಬೇಕು. ಕಾರಿನಲ್ಲಿ ಅನ್ಯರು ಜೊತೆಗಿದ್ದರೆ ಎ.ಸಿ.ಯನ್ನು ಮರೆತು ಕಿಟಕಿಗಳನ್ನು ತೆರೆಯಿರಿ.

ಮೈಸೂರಿನ ಮೃಗಾಲಯ, ಅರಮನೆಗಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ರಜಾ ದಿನಗಳಲ್ಲಿ ಹೋಗಬೇಡಿ. ಅದರ ಬದಲು ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ, ಲಿಂಗಾಂಬುಧಿ ಕೆರೆಯ ದಡದಲ್ಲಿಯೋ ನಡೆದರೆ ಹಕ್ಕಿಗಳೂ ದೊರೆಯುತ್ತವೆ, ಗಾಳಿಯೂ ದೊರೆಯುತ್ತದೆ.

ಇನ್ನು ಬುತ್ತಿ. ಮುಖಗವಸು ತೆಗೆದು, ಎದುರುಬದುರಾಗಿ ಕುಳಿತು, ಗಟ್ಟಿಯಾಗಿ ಮಾತನಾಡುವ ಹೊತ್ತು ಊಟದ ಹೊತ್ತಾದುದರಿಂದ, ತುಂಬಿದ ಹೋಟೆಲಿಗಿಂತ ಮರದಡಿಯ ಚಾಪೆ ಎಷ್ಟೋ ಮೇಲು. ಚಿತ್ರಾನ್ನವೂ ಪುಳಿಯೋಗರೆಯೂ ಈ ಕೆಲಸಕ್ಕೆಂದೇ ಹುಟ್ಟಿದಂಥವು. ಮೊಸರನ್ನ ಬಿಸಿಲಿಗೆ ಹುಳಿಯಾಗುವುದೆಂದು ಹೆದರುವವರು, ಅನ್ನವನ್ನು ಮೆತ್ತಗೆ ಮಾಡಿ, ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ, ಹೆಪ್ಪಿಗೆ ಬೇಕಾಗುವಷ್ಟೇ ಮೊಸರನ್ನು ಸೇರಿಸಿ ಡಬ್ಬಿ ಮುಚ್ಚಿದರೆ ಮಧ್ಯಾಹ್ನಕ್ಕೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಇದನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡುವುದು ಅಧಿಕಪ್ರಸಂಗವೇ ಸರಿ. ಕುಡಿಯುವ ನೀರಲ್ಲದೆ ಕೈತೊಳೆಯಲು ಬೇರೊಂದು ಕ್ಯಾನಿನಲ್ಲಿ ನೀರನ್ನೂ, ಒಂದು ಚೊಂಬನ್ನೂ, ಒಂದು ತುಂಡು ಸೋಪನ್ನೂ ಒಯ್ಯಿರಿ. ಮಣ್ಣಾದ ಕೈಗೆ ಸ್ಯಾನಿಟೈಜರ್ ಸವರಿದರೆ ಪ್ರಯೋಜನ ಕಡಿಮೆ; ವಿಹಾರಕ್ಕೆ ಬಂದ ಮಗುವಿನ ಕೈ ಮಣ್ಣಾಗದೆ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ, ಸೋಂಕಿಗಿಂತಲೂ ನನ್ನನ್ನು ಹೆಚ್ಚು ಹೆದರಿಸುವ ವಿಷಯವೊಂದನ್ನು ಹೇಳಲೇಬೇಕು, ಅದು ನೀರು. ಜನಸಂದಣಿಯನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದಲೇ ಎಷ್ಟೋ ಕುಟುಂಬಗಳು ಕಾವೇರಿಯ, ಕಪಿಲೆಯ ನಿರ್ಜನವಾದ ದಂಡೆಗಳನ್ನು ಹುಡುಕಿಕೊಂಡು ಹೋಗುತ್ತವೆ. ಬಲಮುರಿ, ತಲಕಾಡುಗಳಂಥ ಕಡೆ ಮೊಣಕಾಲುದ್ದ ಕಾಣುವ ನೀರಿನ ಪಕ್ಕದಲ್ಲಿಯೇ ಮಡುವಿರಬಹುದು. ಪಾಚಿ ಹಿಡಿದ ಬಂಡೆ ಕಾಲನ್ನು ಜಾರಿಸುತ್ತದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಹೇಳದೆ ಏರುತ್ತದೆ. ಒಂದು ಮಗು ಮುಳುಗಿದರೆ ಈಜು ಬಾರದ ತಂದೆ ಧುಮುಕುತ್ತಾನೆ, ಆತನನ್ನು ಹಿಡಿಯಲು ಚಿಕ್ಕಪ್ಪ. ಇಂಥ ಸುದ್ದಿ ಪ್ರತಿ ಬೇಸಗೆಯೂ ಪತ್ರಿಕೆಗಳಲ್ಲಿ ಬರುತ್ತದೆ. ಯಾರೂ ಇಲ್ಲದ ಕಡೆ ಮಕ್ಕಳನ್ನು ನೀರಿಗಿಳಿಸಲೇಬೇಡಿ. ಊರಿನವರು ಇಳಿಯುವ ಕಡೆಯಲ್ಲಿಯೂ, ಅವರನ್ನು ಕೇಳಿ, ಮಗುವಿನ ಕೈ ಹಿಡಿದು, ಪಾದ ನೆನೆಯುವಷ್ಟೇ ಸಾಕು.

ಸಿಡಿಲಿನ ಎಚ್ಚರಿಕೆಯೂ ಇರಲಿ. ಅಶ್ವಿನಿ, ಭರಣಿ ಮಳೆಗಳು ಮಧ್ಯಾಹ್ನ ಕಳೆದ ಮೇಲೆ ಗುಡುಗುತ್ತ ಬರುತ್ತವೆ. ಮೋಡ ಕಪ್ಪಾಯಿತೆಂದರೆ ಒಂಟಿಮರದಡಿಯಿಂದ ಎದ್ದು ಕಟ್ಟಡವನ್ನೋ ವಾಹನವನ್ನೋ ಸೇರಿಕೊಳ್ಳಿ.

ಒಂದೆರಡು ರಾತ್ರಿ ಹೊರಗೆ ಉಳಿಯುವ ಆಸೆಯುಳ್ಳವರಿಗೆ ಹೋಮ್‌ಸ್ಟೇಗಿಂತ ಮೊದಲು ನೆನಪಾಗುವುದು ಅಜ್ಜಿಯ ಮನೆ. ಆ ಎರಡು ವರ್ಷ ಫೋನಿನಲ್ಲಿ ಮಾತ್ರ ಮೊಮ್ಮಕ್ಕಳ ಮುಖ ಕಂಡ ಮುದುಕರಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಅಪಾಯವೂ ಅವರಿಗೇ ಹೆಚ್ಚು. ಅಜ್ಜಅಜ್ಜಿಯರಿಗೆ ಎರಡು ಡೋಸು ಆಗಿದೆಯೇ, ಮುನ್ನೆಚ್ಚರಿಕೆಯ ಡೋಸನ್ನೂ ಹಾಕಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿದ ಮೇಲೆ ಹೊರಡಿ. ಹೋಗುವ ಹಿಂದಿನ ನಾಲ್ಕಾರು ದಿನ ಮದುವೆ ಮುಂಜಿಗಳಿಗೆ ಹೋಗದೆ ಇದ್ದರೆ ಒಳ್ಳೆಯದು. ಅಲ್ಲಿ ರಾತ್ರಿ ಒಳಕೋಣೆಯಲ್ಲಿ ಒತ್ತೊತ್ತಾಗಿ ಮಲಗುವುದಕ್ಕಿಂತ ಪಡಸಾಲೆಯಲ್ಲಿಯೋ ಮಾಳಿಗೆಯ ಮೇಲೆಯೋ ಸೊಳ್ಳೆಪರದೆ ಕಟ್ಟಿ ಹಾಸಿಗೆ ಹಾಸಿಕೊಳ್ಳಿ. ಮಕ್ಕಳು ಅದನ್ನೇ ಹೆಚ್ಚು ಇಷ್ಟಪಡುತ್ತಾರೆ.

ಕಡೆಯ ಮಾತು, ಹೊರಡುವ ದಿನದ ಬೆಳಗಿನದು. ಮನೆಯಲ್ಲಿ ಒಬ್ಬರಿಗೆ ಜ್ವರವಿದ್ದರೂ, ಗಂಟಲು ಕೆರೆತವಿದ್ದರೂ ಪ್ರಯಾಣವನ್ನು ನಿಲ್ಲಿಸಿಬಿಡಿ. ವಾಹನಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ. ‘ಬರೀ ನೆಗಡಿ, ಮಾತ್ರೆ ನುಂಗಿ ಹೋಗೋಣ’ ಎನ್ನುವ ಯಜಮಾನರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಿರುತ್ತಾರೆ. ಅವರ ಮಾತಿಗೆ ಒಪ್ಪಬೇಡಿ. ರೋಗಿಯನ್ನು ಗಾಳಿಯಾಡುವ ಕೋಣೆಯಲ್ಲಿ ಬೇರೆ ಮಲಗಿಸಿ, ಪರೀಕ್ಷೆ ಮಾಡಿಸಿ. ಅಳುವ ಮಕ್ಕಳಿಗೆ ಮುಂದಿನ ದಿನಾಂಕವನ್ನು ಆಗಲೇ ಗೊತ್ತುಮಾಡಿ, ಅವರ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಕಟ್ಟಿದ ಬುತ್ತಿಯನ್ನು ಅವರವರ ತಟ್ಟೆಗೆ ಬಡಿಸಿಕೊಡಿ.