ಸಂಚಕಾರ ಕೊಡೂಕಿಂತ ಮೊದಲು



1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದ ಬಾಬಾಸಾಹೇಬರನ್ನು, ಜಾತಿ ತಿಳಿದ ಮೇಲೆ ಪಾರ್ಸಿಗಳ ವಸತಿಗೃಹದಿಂದ ಹೊರಹಾಕಿದರು. ಜಾತಿ ಕೇಳಿ ಬಾಗಿಲು ಹಾಕುವವರು ಇವತ್ತೂ ಇದ್ದಾರೆ. ಬಾಗಿಲು ತೆರೆದು, ರೊಕ್ಕ ಎಣಿಸಿಕೊಂಡು, ಹುಸಿ ಕಾಗದ ಕೊಡುವವರೂ ಇದ್ದಾರೆ. ದಿಗ್ಗೇವಾಡಿಯಂಥ ಊರಲ್ಲಿ ಕಬ್ಬು ಕಡಿದು ಕೂಡಿಟ್ಟ ರೊಕ್ಕ ಹಾಗೆ ಹೋದರೆ ಮತ್ತೆ ಬರೋದಿಲ್ಲ.

ಅದಕ್ಕೇ ಸಂಚಕಾರ ಕೊಡೂಕಿಂತ ಮೊದಲು ನಾವು ನೋಡಬೇಕು. ಉತಾರ ಯಾರ ಹೆಸರಿಗಿದೆ? ಪಂಚಾಯತಿಯಲ್ಲಿ ನಮೂನೆ 9, ನಮೂನೆ 11 ಕೇಳೋಣ. ಮಾರುವವನ ಅಣ್ಣತಮ್ಮ, ಅಕ್ಕತಂಗಿಯರ ಪಾಲು ತೀರಿದೆಯೇ? ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸೋಣ. ಸೊಸೈಟಿ, ಬ್ಯಾಂಕಿನ ಸಾಲವನ್ನೂ ವಿಚಾರಿಸೋಣ.

ಆ ಜಾಗ ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿಯಾಗಿದ್ದರೆ ಹುಷಾರು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರಿದರೆ ಆ ಮಾರಾಟವೇ ಅಸಿಂಧು. ಕೊಂಡವರು ದಲಿತರಾದರೂ ಅಷ್ಟೇ. ಬಡವನ ಭೂಮಿ ಹೊಡೆದು ಮಾಡಿದ ಪ್ಲಾಟು ನಮಗೆ ಬೇಡ.

ಕೃಷ್ಣಾ ದಂಡೆಯಲ್ಲಿ ಇನ್ನೊಂದು ಮಾತು. 2005, 2019, 2021ರಲ್ಲಿ ಹೊಳೆ ಎಲ್ಲೀತನಕ ಏರಿತ್ತು? ಪಕ್ಕದ ಮನೆಯ ಆಯಿಯನ್ನು ಕೇಳೋಣ. ದಲ್ಲಾಳಿ ಹೇಳೋದಿಲ್ಲ.

ಬರೀ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡರೆ ಮನೆ ನಮ್ಮದಾಗೋದಿಲ್ಲ. ನೋಂದಣಿಯಾದ ಖರೀದಿಪತ್ರ ಬೇಕು.

ಸೂಟಿಗೆ ಊರಿಗೆ ಹೋದಾಗ, ಅಪ್ಪ ಅವ್ವ ಹೆಬ್ಬೆಟ್ಟು ಒತ್ತುವ ಮುಂಚೆ ನಾವು ಆ ಕಾಗದ ಗಟ್ಟಿಯಾಗಿ ಓದಿ ಹೇಳೋಣ. ಹಾಸ್ಟೆಲಿನ ಅನ್ನ ತಿಂದು ನಾಲ್ಕಕ್ಷರ ಕಲಿತದ್ದು ಇದಕ್ಕೂ ಹೌದು.

ಜೈಭೀಮ್.