ನಾಯಿಯ ಆಯುಷ್ಯ, ಮನುಷ್ಯನ ಹೊಣೆ

ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 13 ವರ್ಷಗಳಷ್ಟೇ ಆದುದರಿಂದ, ಸಾಕಿದವರು ಅದರ ಬಾಲ್ಯ, ಯೌವನ, ಮುಪ್ಪು ಮೂರನ್ನೂ ಕಾಣುತ್ತಾರೆ. ಮೂರಕ್ಕೂ ಬೇಕಾದ ಆರೈಕೆ ಬೇರೆ ಬೇರೆ. ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗಿನದು ಸಾಮಾಜೀಕರಣದ ಕಾಲ, ಅಂದರೆ ಮರಿಯು ಮನುಷ್ಯರನ್ನೂ ಹೊಸ ಸದ್ದುಗಳನ್ನೂ ಅಂಜಿಕೆಯಿಲ್ಲದೆ ಒಪ್ಪಿಕೊಳ್ಳಲು ಕಲಿಯುವ ಕಾಲ. ಕರುಳನ್ನು ಘಾಸಿಗೊಳಿಸುವ ಪಾರ್ವೊ ರೋಗದ ಲಸಿಕೆಯನ್ನು 6ರಿಂದ 8 ವಾರಗಳಲ್ಲಿ ಆರಂಭಿಸಿ, ಸುಮಾರು 3 ತಿಂಗಳಿಗೆ ರೇಬಿಸ್ ಲಸಿಕೆಯನ್ನೂ ಹಾಕಿಸಬೇಕು. ಬೆಳೆದ ನಾಯಿಗೆ, ಅದರಲ್ಲೂ ಓಟಕ್ಕೆಂದೇ ಮೈಕಟ್ಟು ಪಡೆದ ಮುಧೋಳ ತಳಿಗೆ, ಸರಪಳಿಯ ಬದುಕು ಶಿಕ್ಷೆಯಾಗುವುದರಿಂದ ದಿನವೂ ಓಡಾಟ ಬೇಕು. ಮುಪ್ಪಿನಲ್ಲಿ ಕೀಲುಗಳು ಸವೆದು, ಟೈಲ್ಸ್ ನೆಲದ ಮೇಲೆ ಹಿಂಗಾಲು ಜಾರುವ ನಾಯಿಗೆ ಗೋಣಿತಾಟು ಹಾಸಿಕೊಡುವುದೂ ಚಿಕಿತ್ಸೆಯ ಭಾಗವೇ. ಮರಿಯಾಗಿದ್ದಾಗ ಮುದ್ದಿಸಿ ಮುಪ್ಪಿನಲ್ಲಿ ಬೀದಿಗೆ ಬಿಡುವುದು ವಿಶ್ವಾಸದ್ರೋಹ. ಕೊನೆಯ ದಿನದವರೆಗೂ ನೋಡಿಕೊಳ್ಳುವ ಮನಸ್ಸಿದ್ದವರು ಮಾತ್ರ ಮರಿಯನ್ನು ಮನೆಗೆ ತರಬೇಕು.