ತರಬೇತಿಗೆ ಹೋದ ಮಕ್ಕಳು, ಮನೆಯಲ್ಲುಳಿದ ನಾವು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಖೋಲಿಯ ಬಾಡಿಗೆ, ಇವುಗಳನ್ನು ಕುರಿತು ಈ ವೇದಿಕೆಯಿಂದ ಅನೇಕ ಭಾಷಣಗಳನ್ನು ನೀವು ಕೇಳಿದ್ದೀರಿ. ಈ ಸಂಜೆ ನಾನು ಬೇರೊಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇನೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗರು, ಈಗೀಗ ಹುಡುಗಿಯರೂ, ಸೈನ್ಯದ ತರಬೇತಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರನ್ನು ನೋಡಿಕೊಳ್ಳಲು ಅಧಿಕಾರಿಗಳಿದ್ದಾರೆ, ಕಲಿಸುವ ಉಸ್ತಾದರಿದ್ದಾರೆ, ಹೊತ್ತುಹೊತ್ತಿಗೆ ಊಟವಿದೆ. ಆದರೆ ಹಿಂದೆ ಖೋಲಿಯಲ್ಲಿ ಉಳಿದ ತಾಯಿತಂದೆಗಳನ್ನು ವಿಚಾರಿಸುವವರು ಯಾರು? ನೆರೆಯವರಾದ ನಾವೇ ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ತರಬೇತಿಯ ಸ್ವರೂಪವನ್ನು ತಿಳಿದುಕೊಳ್ಳೋಣ. 2022ರ ಜೂನ್ 14ರಂದು ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಅದರಂತೆ ಅಗ್ನಿವೀರನಾಗಿ ಸೇರುವವನ ಸೇವಾವಧಿ 4 ವರ್ಷ. ತರಬೇತಿಯ ಕಾಲವೂ ಅದರೊಳಗೇ ಸೇರಿದೆ. ಭೂಸೈನ್ಯದ ಸಿಪಾಯಿಗೆ 31 ವಾರಗಳ ತರಬೇತಿ. ಅದರಲ್ಲಿ ಮೊದಲ 10 ವಾರ ಮೂಲ ಶಿಕ್ಷಣ, ಉಳಿದದ್ದು ಮುಂದಿನ ಶಿಕ್ಷಣ. ಸೇರುವ ದಳವನ್ನನುಸರಿಸಿ ಒಬ್ಬನು ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೆ ಹೋದರೆ, ಇನ್ನೊಬ್ಬನು ನಾಸಿಕ ರೋಡಿನ ಫಿರಂಗಿದಳದ ಕೇಂದ್ರಕ್ಕೆ, ಮತ್ತೊಬ್ಬನು ಪುಣೆಯ ಖಡಕಿಗೆ ಹೋಗುತ್ತಾನೆ. ನೌಕಾಪಡೆಯವರಿಗೆ ಒಡಿಶಾದ ಚಿಲ್ಕಾ. 2023ರ ಮಾರ್ಚ್ 28ರಂದು ಅಲ್ಲಿಂದ ಹೊರಬಂದ ಅಗ್ನಿವೀರರ ಮೊದಲ ತಂಡದಲ್ಲಿ 273 ಮಂದಿ ಹೆಣ್ಣುಮಕ್ಕಳಿದ್ದರು.

ಹದಿನೇಳೂವರೆ ವರ್ಷ ತುಂಬಿದವರು ಈ ಸೇವೆಗೆ ಸೇರಬಹುದು. ಹದಿನೆಂಟು ತುಂಬಿರದಿದ್ದರೆ ಕಾಗದಕ್ಕೆ ತಾಯಿ ಅಥವಾ ತಂದೆ ಸಹಿ ಹಾಕಬೇಕು. ಆ ಸಹಿಯ ಭಾರ ಎಂಥದೆಂಬುದನ್ನು ಹಾಕಿದವರೇ ಬಲ್ಲರು. ಹುಡುಗ ತಾನಾಗಿಯೇ ಬಯಸಿ ಹೋಗಿರುತ್ತಾನೆ, ನಿಜ. ಆದರೂ ರಾತ್ರಿ ಪಾಳಿ ಮುಗಿಸಿ ಬಂದ ತಂದೆಗೆ ಖಾಲಿ ಚಾಪೆಯನ್ನು ಕಂಡಾಗ, 'ನಾನೇ ಸಹಿ ಹಾಕಿ ಕಳಿಸಿದೆನಲ್ಲ' ಎಂದು ಅನ್ನಿಸದೆ ಇರುವುದಿಲ್ಲ.

ಮೊದಲ ಕೆಲವು ವಾರಗಳೇ ಎಲ್ಲಕ್ಕಿಂತ ಕಠಿಣ. ಅಲ್ಲಿ ಹುಡುಗ ನಸುಕಿನಲ್ಲೆದ್ದು ಓಡುತ್ತಾನೆ, ಕವಾಯತು ಮಾಡುತ್ತಾನೆ, ಕಾಲಿಗೆ ಬೊಬ್ಬೆ ಬರಿಸಿಕೊಳ್ಳುತ್ತಾನೆ, ಬಂದೂಕು ಹಿಡಿಯುವುದನ್ನು ಕಲಿಯುತ್ತಾನೆ. ಬೇಕೆಂದಾಗ ಫೋನು ಮಾಡಲು ಅವನಿಗೆ ಸ್ವಾತಂತ್ರ್ಯವಿಲ್ಲ. ಇಲ್ಲಿ ತಾಯಿ ಫೋನನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ. ನಮ್ಮ ಹಿರಿಯರು ತಂತಿ ಬಂತೆಂದರೆ ಹೆದರುತ್ತಿದ್ದರು. ತಂತಿ ಸೇವೆ 2013ರಲ್ಲಿ ನಿಂತುಹೋಯಿತು. ಈಗ ಫೋನು ಬರಲಿಲ್ಲವೆಂದರೆ ಹೆದರುತ್ತೇವೆ. ಇಂಥ ಹೊತ್ತಿನಲ್ಲಿ ಆ ತಾಯಿಗೆ ಉಪದೇಶ ಬೇಡ. ತನ್ನ ಮಗನನ್ನೂ ಹೀಗೆಯೇ ಕಳಿಸಿದ್ದ ಇನ್ನೊಬ್ಬ ತಾಯಿ ಬಂದು, "ಅಕ್ಕಾ, ನಮ್ಮವನೂ ಮೊದಮೊದಲು ಹತ್ತು ದಿನಕ್ಕೊಮ್ಮೆ ಎರಡೇ ಮಾತು ಆಡುತ್ತಿದ್ದ" ಎಂದು ಹೇಳಿದರೆ ಸಾಕು, ಅವಳಿಗೆ ನಿದ್ದೆ ಬರುತ್ತದೆ.

ಫೋನು ಬಂದಾಗ ಏನು ಮಾತನಾಡಬೇಕು ಎಂಬುದೂ ಯೋಚಿಸತಕ್ಕ ವಿಷಯವೇ. ಹುಡುಗ ಅತ್ತರೆ, "ಬಿಟ್ಟು ಬಾ ಮಗನೆ" ಎನ್ನುವುದು ಕರುಳಿನ ಮಾತು. ಆದರೆ ಸೇರಿದ ಮೇಲೆ ಇಚ್ಛೆಯಂತೆ ಬಿಟ್ಟುಬರಲು, ತೀರ ವಿಶೇಷವಾದ ಸಂದರ್ಭದ ಹೊರತು, ನಿಯಮದಲ್ಲಿ ಅವಕಾಶವಿಲ್ಲ. ಮನೆಯ ಸಾಲ, ಅಜ್ಜಿಯ ಜ್ವರ, ನಲ್ಲಿಯ ಬಳಿಯ ಜಗಳ, ಇವನ್ನೆಲ್ಲ ಅವನ ಕಿವಿಗೆ ಹಾಕುವುದೂ ತರವಲ್ಲ. ಅವನ ಮಾತನ್ನು ಕೇಳಿರಿ. ಊಟ ಹೇಗಿದೆ, ಗೆಳೆಯರು ಯಾರು ಎಂದು ವಿಚಾರಿಸಿರಿ. ಆದರೆ ಗಾಯವಾಗಿದೆಯೆಂದೋ ಜ್ವರವಿದೆಯೆಂದೋ ಹೇಳಿದರೆ, ಮುಚ್ಚಿಡದೆ ಉಸ್ತಾದರಿಗೂ ಡಾಕ್ಟರಿಗೂ ತಿಳಿಸಲು ಖಂಡಿತವಾಗಿ ಹೇಳಿರಿ.

ಇನ್ನು ಹಣದ ಮಾತು. ಹುಡುಗ ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿದು ತರುತ್ತಿದ್ದ ಹಣ ಅವನು ಹೊರಟ ದಿನವೇ ನಿಲ್ಲುತ್ತದೆ. ಅಲ್ಲಿಯ ಸಂಬಳ ಕೈಸೇರುವವರೆಗೆ ಮನೆ ನಡೆಯಬೇಕಲ್ಲ! ಯೋಜನೆ ಪ್ರಕಟವಾದಾಗ ಗೊತ್ತುಮಾಡಿದಂತೆ ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ಸರ್ಕಾರವೂ ಅಷ್ಟೇ ಹಣವನ್ನು ನಿಧಿಗೆ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿ. ಈ ಅಂಕಿಯನ್ನು ಕೇಳಿದ ಕೂಡಲೇ ಸಾಲ ಕೊಡುವವರು ಬಾಗಿಲಿಗೆ ಬರುತ್ತಾರೆ. ಆ ಹಣ ಹುಡುಗನ ಮುಂದಿನ ಬಾಳಿಗೆ ಬಂಡವಾಳ. ಅದನ್ನು ತೋರಿಸಿ ಇಂದೇ ಸಾಲ ಮಾಡಬೇಡಿರೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಗಿ ಸುಮಾರು 2.5 ಲಕ್ಷ ಕೆಲಸಗಾರರ ಪಗಾರ ನಿಂತಾಗ, ನೆರೆಮನೆಯವರ ಒಂದು ಸೇರು ಅಕ್ಕಿಯ ಬೆಲೆ ಏನೆಂಬುದನ್ನು ಈ ನಗರದ ಚಾಳುಗಳು ಕಂಡಿವೆ. ಒಂದೆರಡು ತಿಂಗಳ ಕೈಗಡವನ್ನು ಬಡ್ಡಿಯಿಲ್ಲದೆ ಕೊಡುವುದು ನಮ್ಮ ಶಕ್ತಿಗೆ ಮೀರಿದ ಕೆಲಸವಲ್ಲ.

ಇನ್ನೊಂದು ಎಚ್ಚರಿಕೆ. "ನಿಮ್ಮ ಮಗನಿಗೆ ಅಪಘಾತವಾಗಿದೆ, ಕೂಡಲೇ ಹಣ ಕಳಿಸಿ" ಎಂದು ಅಪರಿಚಿತನೊಬ್ಬ ಫೋನು ಮಾಡಿದರೆ ಒಂದು ಪೈಸೆಯನ್ನೂ ಕಳಿಸಬೇಡಿರಿ. ಸೈನ್ಯದ ಆಸ್ಪತ್ರೆ ತನ್ನ ಸಿಪಾಯಿಯ ಚಿಕಿತ್ಸೆಗೆ ತಂದೆಯಿಂದ ಹಣ ಬೇಡುವುದಿಲ್ಲ. ಮಗ ಹೊರಡುವಾಗಲೇ ಅವನ ಕೇಂದ್ರದ ವಿಳಾಸವನ್ನೂ ನಂಬರನ್ನೂ ಬರೆದಿಟ್ಟುಕೊಂಡು ಅಲ್ಲಿಯೇ ವಿಚಾರಿಸಬೇಕು. ಹಿಂದಿ, ಇಂಗ್ಲಿಷು ಬಾರದವರಿಗೆ ನಮ್ಮಲ್ಲಿ ಓದಿದವರು ನೆರವಾಗಬೇಕು. ಊರಿಗೆ ಕಾಗದ ಬರೆದುಕೊಡುವ ಕೆಲಸವನ್ನು ಹಿಂದೆ ರಾತ್ರಿಶಾಲೆಯ ಹುಡುಗರು ಮಾಡುತ್ತಿದ್ದರು. ಇದೂ ಅದೇ ಕೆಲಸ.

ಈಗ ನಾನು ಮುಖ್ಯವೆಂದು ಭಾವಿಸಿರುವ ಮಾತಿಗೆ ಬರುತ್ತೇನೆ. ಹೋದವರೆಲ್ಲರೂ ತರಬೇತಿಯನ್ನು ಮುಗಿಸುವುದಿಲ್ಲ. ಒಬ್ಬನಿಗೆ ಮೂಳೆ ಮುರಿಯಬಹುದು. ಇನ್ನೊಬ್ಬನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹಿಂದಿನ ತಂಡಕ್ಕೆ ಬೀಳಬಹುದು. ಮತ್ತೊಬ್ಬನನ್ನು ವೈದ್ಯರು ಅನರ್ಹನೆಂದು ಮನೆಗೆ ಕಳಿಸಬಹುದು. ಕಳಿಸುವಾಗ ಹಾರ ಹಾಕಿ, ಪೇಢೆ ಹಂಚಿ, ಸ್ಟೇಶನ್ನಿನವರೆಗೆ ಹೋಗಿ ಬೀಳ್ಕೊಟ್ಟವರು ನಾವೇ. ಅವನು ಹಿಂತಿರುಗಿ ಬಂದಾಗ ಚಾಳಿನ ಮೆಟ್ಟಿಲ ಮೇಲೆ ನಿಂತು, "ಏನಪ್ಪಾ, ಓಡಿಬಂದೆಯಾ?" ಎನ್ನುವವರೂ ನಮ್ಮಲ್ಲಿಯೇ ಇದ್ದಾರೆ. ಈ ಒಂದು ಮಾತು ಒಂದು ಎಳೆಯ ಜೀವವನ್ನು ಮುರಿಯಬಲ್ಲದು. ತಾಯಿತಂದೆಗಳು ಮುಖ ತಪ್ಪಿಸಿ ಓಡಾಡುವಂತೆ ಮಾಡಬಲ್ಲದು. ಹಾರ ಹಾಕಿದ ಕೈಗಳೇ ಅವನ ಪೆಟ್ಟಿಗೆಯನ್ನು ಇಳಿಸಿಕೊಳ್ಳಬೇಕು. ಮರುದಿನವೇ ಅವನಿಗೊಂದು ಕೆಲಸವನ್ನು ಹುಡುಕಲು ಹೊರಡಬೇಕು.

ಇದನ್ನು ಈಗಲೇ ಕಲಿಯಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ಯೋಜನೆಯ ಪ್ರಕಟಣೆಯಂತೆ ನಾಲ್ಕು ವರ್ಷದ ಬಳಿಕ ಕಾಯಂ ಸೇವೆಗೆ ತೆಗೆದುಕೊಳ್ಳುವುದು ನೂರಕ್ಕೆ 25 ಮಂದಿಯನ್ನು ಮಾತ್ರ. ಉಳಿದವರಿಗೆ ಪಿಂಚಣಿಯಿಲ್ಲ. 2022ರ ಕೊನೆಯಲ್ಲಿ ಸೇರಿದ ಮೊದಲಿಗರಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೆರಡು, ಇಪ್ಪತ್ತೈದರ ಪ್ರಾಯದಲ್ಲಿಯೇ ಹಿಂತಿರುಗುವವರು. ಈ ಏರ್ಪಾಡು ಸರಿಯೋ ತಪ್ಪೋ ಎಂಬ ಚರ್ಚೆ ದೇಶದಲ್ಲೆಲ್ಲ ನಡೆದಿದೆ. ಸಂಘದಲ್ಲಿಯೂ ಎರಡೂ ಪಕ್ಷದವರಿದ್ದಾರೆ. ಆದರೆ ಬಾಗಿಲಿಗೆ ಬಂದು ನಿಂತ ಹುಡುಗನನ್ನು ಒಳಗೆ ಕರೆಯುವುದಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೆ. ಒಂದೊಂದು ಬಡಾವಣೆಗೆ ಇಬ್ಬರಂತೆ, ಅವರಲ್ಲಿ ಒಬ್ಬರಾದರೂ ಹೆಂಗಸರಿರುವಂತೆ, ಈ ಕೆಲಸಕ್ಕೆ ಸದಸ್ಯರನ್ನು ಗೊತ್ತುಮಾಡೋಣ. ತರಬೇತಿಗೆ ಹೋದವರ ಹೆಸರು, ಕೇಂದ್ರ, ಹೊರಟ ದಿನ, ಮುಗಿಯುವ ದಿನ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ವಾರಕ್ಕೊಮ್ಮೆ ಆ ಮನೆಗಳಿಗೆ ಹೋಗಿಬರೋಣ. ತರಬೇತಿಯ ಕೊನೆಯ ಕವಾಯತಿಗೆ ತಾಯಿತಂದೆಗಳನ್ನು ಕರೆಯುವ ಪದ್ಧತಿಯಿದೆ. ಗಾಡಿಯ ಖರ್ಚಿಲ್ಲವೆಂದು ಯಾವ ತಾಯಿಯೂ ಅಂದು ಮನೆಯಲ್ಲಿ ಉಳಿಯಬಾರದು. ರಜೆ ಸಿಗಲಿಲ್ಲವೆಂದು ಯಾವ ತಂದೆಯೂ ಉಳಿಯಬಾರದು. ಅವನ ಪಾಳಿಯನ್ನು ನಮ್ಮಲ್ಲೊಬ್ಬರು ವಹಿಸಿಕೊಂಡರಾಯಿತು.

ಈ ಸೂಚನೆಯನ್ನು ಸಭೆಯು ಇಂದೇ ಒಪ್ಪಿಕೊಂಡು, ಹೆಸರು ಕೊಡುವವರು ಹೊರಡುವ ಮೊದಲು ಕಾರ್ಯದರ್ಶಿಗಳ ಬಳಿ ಬರೆಸಿ ಹೋಗಬೇಕೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.